ಮಠದ ಜೀಪಿಗೆ ಬಂದ ರೋಗ

ಗುಡ್ಡದ ಬುಡದಲ್ಲಿ ಒಂದು ಹೊಳೆ. ಹೊಳೆಯ ಈಚೆ ದಡದಲ್ಲಿ ಒಂದು ಸಣ್ಣ ಮಠ. ಮಠದಲ್ಲಿ ಒಬ್ಬರು ಗುರು, ಒಬ್ಬ ಶಿಷ್ಯ, ಒಂದು ಹಳೆಯ ಪೆಟ್ರೋಲ್ ಜೀಪು. ಮೂವರಲ್ಲಿ ಹಠ ಜಾಸ್ತಿ ಇದ್ದದ್ದು ಜೀಪಿಗೆ.

ಗುರುಗಳು ಮುದ್ದುವೀರ ಸ್ವಾಮಿಗಳು. ಮೂವತ್ತು ವರ್ಷ ಆ ಜೀಪನ್ನು ತಾವೇ ಓಡಿಸಿ, ತಾವೇ ಬಿಚ್ಚಿ, ತಾವೇ ಜೋಡಿಸಿದವರು. ಈಗ ಕಣ್ಣಿಗೆ ಪೊರೆ ಬಂದಿತ್ತು. ಆರು ತಿಂಗಳ ಹಿಂದೆ ಕೀಲಿಯನ್ನು ಶಿಷ್ಯನ ಕೈಗೆ ಹಾಕಿ, "ಇನ್ನು ನೀನೇ ನೋಡ್ಕೊ" ಎಂದಿದ್ದರು.

"ಕೆಟ್ಟುಹೋದರೆ ಏನ್ ಮಾಡ್ಲಿ ಬುದ್ಧಿ?" ಎಂದು ಶಿಷ್ಯ ಗುರುಮಲ್ಲ ಕೇಳಿದ್ದ.

"ಕೆಟ್ಟಾಗ ಅದನ್ನೇ ಕೇಳು ಕನಪ್ಪ."

ಗುರುಮಲ್ಲ ಮಠಕ್ಕೆ ಬಂದದ್ದು ಜೀವ ಎಂದರೇನು, ಶಿವ ಎಂದರೇನು ಎಂದು ತಿಳಿಯಲಿಕ್ಕೆ. ಬಂದ ಮೇಲೆ ಅವನ ಕೈಗೆ ಹತ್ತಿದ್ದು ಗ್ರೀಸು. ಆದರೂ ಅವನು ಬೇಸರಪಟ್ಟವನಲ್ಲ. ಗುರುಗಳು ಕೊಟ್ಟದ್ದು ಪ್ರಸಾದ ಎಂದುಕೊಂಡು ಸ್ಪ್ಯಾನರ್ ಹಿಡಿದಿದ್ದ.

ಪ್ರತಿ ಗುರುವಾರ ಜೀಪಿಗೆ ಒಂದೇ ಕೆಲಸ. ನರ್ಸಮ್ಮ ಜಯಶೀಲಾಳನ್ನು ಕೂರಿಸಿಕೊಂಡು ಹೊಳೆ ದಾಟಿ, ಕಾಡಿನ ಏರು ಹತ್ತಿ, ಗುಡ್ಡದ ಮೇಲಿರುವ ಸೋಲಿಗರ ಪುಟ್ಟ ಹಳ್ಳಿಗೆ, ಅವರ ಮಾತಲ್ಲಿ ಪೋಡಿಗೆ, ಹೋಗಿ ಬರುವುದು. ಹೊಳೆಗೆ ಸೇತುವೆ ಇಲ್ಲ. ಮರಳಿನ ಕಡವಿನಲ್ಲಿ ನಾಲ್ಕೂ ಚಕ್ರ ಎಳೆಯುವ ಗಾಡಿ ಮಾತ್ರ ದಾಟೀತು. ಬೇರೆ ಗಾಡಿ ನೀರಿಗಿಳಿದರೆ ಎತ್ತು ಹೂಡಿ ಎಳೆಸಬೇಕು.

ಆ ಮಠದಲ್ಲಿ ಒಂದು ಪದ್ಧತಿ. ಬೆಳಗಿನ ಪೂಜೆ ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ಕಾಯಕದ ಸಾಮಾನಿಗೆ ವಿಭೂತಿ ಹಚ್ಚಬೇಕು. ಅಡುಗೆಗೆ ಬರುವಾಕೆ ಸೌಟಿಗೆ ಹಚ್ಚುವಳು, ತೋಟದವನು ಗುದ್ದಲಿಗೆ. ಸ್ವಾಮಿಗಳು ತಮ್ಮ ಕಾಲದಲ್ಲಿ ಜೀಪಿನ ಸ್ಟೇರಿಂಗಿಗೆ ಒಂದು ಎಳೆ ಎಳೆದು ಮುಗಿಸುತ್ತಿದ್ದರು.

ಗುರುಮಲ್ಲನ ಭಕ್ತಿ ಅಷ್ಟಕ್ಕೆ ನಿಲ್ಲುವಂಥದ್ದಲ್ಲ. ವಿಭೂತಿಯನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಬಾನೆಟ್ಟು, ಸ್ಟೇರಿಂಗು, ದೀಪ, ಟ್ಯಾಂಕಿನ ಮುಚ್ಚಳ, ಗೇರಿನ ಕೋಲು, ನಾಲ್ಕು ಚಕ್ರ, ಹೀಗೆ ಕಂಡ ಕಂಡಲ್ಲೆಲ್ಲ ಬಳಿಯುತ್ತಿದ್ದ. ಒಂದು ದಿನವೂ ತಪ್ಪಿಸಿದವನಲ್ಲ. "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ನರ್ಸಮ್ಮ ರೇಗಿಸುತ್ತಿದ್ದಳು.

ಐದು ತಿಂಗಳು ಜೀಪು ಹೇಳಿದ ಹಾಗೆ ಕೇಳಿತು. ಆರನೆಯ ತಿಂಗಳಲ್ಲಿ ಅದಕ್ಕೆ ರೋಗ ಬಂತು. ಮಠದಿಂದ ಹೊರಟು ಅರ್ಧ ಗಂಟೆಯಾಗುತ್ತಿದ್ದಂತೆ, ಏರಿನಲ್ಲಿ, ಎರಡು ಸಲ ಕೆಮ್ಮಿ ನಿಂತುಬಿಡುವುದು.

ಮೊದಲ ಸಲ ನಿಂತಾಗ ಗುರುಮಲ್ಲ ಪ್ಲಗ್ ಬಿಚ್ಚಿ ಉಜ್ಜಿದ. ಗಾಡಿ ಸ್ಟಾರ್ಟ್ ಆಯಿತು. ಮಠಕ್ಕೆ ಬಂದವನೇ ಗುರುಗಳ ಮುಂದೆ ನಿಂತ.

"ಪ್ಲಗ್ಗಿಗೆ ಮಸಿ ಕಟ್ಟಿತ್ತು ಬುದ್ಧಿ. ತೆಗೆದೆ. ಸರಿಹೋಯ್ತು."

"ಎಷ್ಟು ಮಸಿ?"

"ವಸಿ ಇತ್ತು."

"ಇನ್ನ ಮೂರು ಪ್ಲಗ್ಗಿಗೆ?"

"ಅವನ್ನ ಬಿಚ್ಚಲಿಲ್ಲ ಬುದ್ಧಿ. ಒಂದು ಉಜ್ಜಿದ್ದಕ್ಕೇ ಸ್ಟಾರ್ಟ್ ಆಯ್ತಲ್ಲ."

ಸ್ವಾಮಿಗಳು ತಲೆ ಆಡಿಸಿದರು. ಹೌದೆಂದು ಆಡಿಸಿದರೋ ಅಲ್ಲವೆಂದು ಆಡಿಸಿದರೋ ಅವನಿಗೆ ತಿಳಿಯಲಿಲ್ಲ.

ಮುಂದಿನ ಗುರುವಾರ ಮತ್ತೆ ನಿಂತಿತು. ಈ ಸಲ ಪೆಟ್ರೋಲ್ ಪೈಪಿನ ಫಿಲ್ಟರ್ ಬಿಚ್ಚಿ ಊದಿದ. ಸ್ಟಾರ್ಟ್ ಆಯಿತು. "ಕಸ ಕೂತಿತ್ತು ಬುದ್ಧಿ" ಎಂದ. ಅದರ ಮುಂದಿನ ಗುರುವಾರ ಕಿಡಿ ಹುಟ್ಟಿಸುವ ಕಾಯಿಲ್ ಮುಟ್ಟಿ ನೋಡಿದರೆ ಬಿಸಿ. ಒದ್ದೆ ಬಟ್ಟೆ ಸುತ್ತಿದ. ಆಗಲೂ ಸ್ಟಾರ್ಟ್ ಆಯಿತು.

"ಮೂರು ಸಲ ಗೆದ್ದೆ" ಎಂದರು ಸ್ವಾಮಿಗಳು. "ಗೆದ್ದವನು ವಾರ ವಾರ ಅದೇ ಏರಲ್ಲಿ ಯಾಕ ಕುಸ್ತಿಗೆ ಹೋಗ್ತೀಯೆ?"

ಗುರುಮಲ್ಲನಿಗೆ ಮುಖಭಂಗವಾಯಿತು. "ಹಳೇ ಗಾಡಿ ಬುದ್ಧಿ. ಒಂದು ಸರಿ ಮಾಡಿದ್ರೆ ಇನ್ನೊಂದು ಕೆಡ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು ಅನ್ನೋ ಹಂಗೆ."

"ಕಾಗೆ ಕೂತಿತು, ಕೊಂಬೆ ಮುರೀತು. ನೀನು ಮೂರು ಕಾಗೆ ಹಿಡಿದು ತಂದಿದ್ದೀಯೆ. ಕೊಂಬೆ ಯಾಕ ಮುರೀತು ಅಂತ ಯಾವಾಗ ಹೇಳ್ತೀಯೆ?"

ಗಾಡಿ ಹೇಗೂ ಓಡುತ್ತಿದೆಯಲ್ಲ, ಕೊಂಬೆ ಕಟ್ಟಿಕೊಂಡು ಏನಾಗಬೇಕು ಎಂದು ಗುರುಮಲ್ಲ ಒಳಗೊಳಗೇ ಗೊಣಗಿಕೊಂಡ.

ಆ ಭಾನುವಾರವೇ ನರ್ಸಮ್ಮ ಬಸ್ಸಿಳಿದು ಮಠಕ್ಕೆ ಬಂದಳು. ಬಂದವಳು ಕೂರಲಿಲ್ಲ.

"ಬುದ್ಧಿ, ಪೋಡಿನ ಕೇತಮ್ಮನಿಗೆ ಎಂಟು ತಿಂಗಳು. ಚೊಚ್ಚಲು. ಕಾಲು ಊದ್ಕೊಂಡಿದೆ, ಬಿ.ಪಿ. ಏರ್ತಾನೇ ಇದೆ. ಅವಳನ್ನ ಕೆಳಗೆ ತಂದು ದೊಡ್ಡಾಸ್ಪತ್ರೆಗೆ ಸೇರಿಸಲೇಬೇಕು."

"ತರೋಣ" ಎಂದರು ಸ್ವಾಮಿಗಳು.

"ಮಳೆ ಹಿಡೀತು ಅಂದ್ರೆ ಕಡವು ಎರಡು ತಿಂಗಳು ಮುಚ್ತದೆ. ಅಲ್ಲೇ ಹೆರಿಗೆ ಆದ್ರೆ ತಾಯಿ ಉಳಿಯೋದು ಕಷ್ಟ, ಮಗು ಉಳಿಯೋದೂ ಕಷ್ಟ. ಗುರುವಾರ ಆಂಬುಲೆನ್ಸನ್ನ ಇಲ್ಲಿ ಮಠದ ಬಾಗಿಲಿಗೇ ತರಿಸ್ತೀನಿ. ಅದು ಹೊಳೆ ದಾಟಲ್ಲ. ಅಲ್ಲಿಂದ ಇಲ್ಲಿಗೆ ನೀವು ತರಬೇಕು."

"ಕಂಬಳಿ ಜೋಲಿ ಕಟ್ಟಿ ಹೊತ್ತು ತಂದ್ರೆ?" ಎಂದ ಗುರುಮಲ್ಲ.

"ಏಳು ಮೈಲಿ, ಆನೆ ದಾರಿ. ನಡುವೆ ನೋವು ಬಂದ್ರೆ ನಾನು ಯಾರನ್ನ ಕೂಗ್ಲಿ ಗುರುಮಲ್ಲಣ್ಣ? ನಿಮ್ಮ ಗಾಡಿ ಬರ್ತದೋ ಇಲ್ವೋ, ಅದೊಂದು ಹೇಳಿ."

ಗುರುಮಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಪೋಡಿನಿಂದ ಹೊರಟು ಅರ್ಧ ಗಂಟೆಗೆ ಸರಿಯಾಗಿ ಎದುರಾಗುವುದು ಹೊಳೆ. ಜೀಪು ಅಲ್ಲಿ ನಿಂತರೆ, ನಡುನೀರಿನಲ್ಲಿ, ಒಳಗೆ ತುಂಬು ಬಸುರಿ.

ನರ್ಸಮ್ಮ ಹೋದ ಮೇಲೆ ಗುರುಗಳ ಕಾಲ ಬಳಿ ಕೂತ.

"ಪ್ಯಾಟೆ ಮೆಕಾನಿಕ್‌ನ ಮತ್ತೆ ಕರೆಸೋಣ ಬುದ್ಧಿ."

"ಹೋದ ವಾರ ಬಂದು ಏನಂದ?"

"ಓಡ್ತಾ ಇರೋ ಗಾಡೀಲಿ ನಾನೇನು ಹುಡುಕ್ಲಿ ಅಂದ."

"ಸರಿಯಾಗೇ ಅಂದವನೆ" ಎಂದು ಸ್ವಾಮಿಗಳು ನಕ್ಕರು. "ನಾಳೆ ಬೆಳಿಗ್ಗೆ ನಾವಿಬ್ಬರೂ ಸೇರಿ ಅದನ್ನ ಕೆಡಿಸೋಣ."

"ಕೆಡಿಸೋದಾ?"

"ಹೂಂ. ಕಾಡಲ್ಲಿ ತಾನಾಗೇ ಕೆಡ್ತದೆ. ಇಲ್ಲಿ ನಮ್ಮ ಕಣ್ಣ ಮುಂದೆ, ನಾವು ಹೇಳಿದಾಗ ಕೆಡಬೇಕು."

ಸೋಮವಾರ ಬೆಳಿಗ್ಗೆ ಗುರುಮಲ್ಲ ಜೀಪಿಗೆ ವಿಭೂತಿ ಹಚ್ಚಿ, ಕೈಮುಗಿದು, ಮಠದಂಗಳದಲ್ಲಿ ಸ್ಟಾರ್ಟ್ ಮಾಡಿ ಬಿಟ್ಟ. ಸ್ವಾಮಿಗಳು ಎದುರಿಗೆ ಒಂದು ಮಣೆ ಹಾಕಿಕೊಂಡು ಕೂತರು. ಎಂಜಿನ್ ಗುರುಗುಟ್ಟುತ್ತಲೇ ಇತ್ತು. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು.

"ಇವತ್ತು ಕೆಡೋ ಹಂಗಿಲ್ಲ ಬುದ್ಧಿ" ಎಂದ ಗುರುಮಲ್ಲ. ಹೀಗೆ ಹೇಳುವಾಗ ಅವನಿಗೆ ನಿರಾಸೆಯಾಯಿತು. ಗಾಡಿ ಕೆಡಲಿಲ್ಲವೆಂದು ನಿರಾಸೆಪಟ್ಟದ್ದು ಅವನ ಜೀವಮಾನದಲ್ಲಿ ಅದೇ ಮೊದಲು.

"ಗಾಡಿಗೆ ಏನೇನು ಅಭ್ಯಾಸ ಅದೆ ಹೇಳು. ಯಾವಾಗ ಬೇಗ ನಿಂತ್ಕತದೆ, ಯಾವಾಗ ತಡವಾಗಿ?"

ಗುರುಮಲ್ಲ ಯೋಚಿಸಿದ. "ಒಂದು ವಿಚಿತ್ರ ಬುದ್ಧಿ. ಟ್ಯಾಂಕ್ ತುಂಬಿಸಿದ ದಿನವೇ ಬೇಗ ನಿಲ್ತದೆ. ಪೆಟ್ರೋಲ್ ಕಮ್ಮಿ ಇದ್ದ ದಿನ ಏರಿನ ತುದಿ ತನಕ ಹೋಗಿತ್ತು."

ಸ್ವಾಮಿಗಳ ಮುಖ ಅರಳಿತು. "ಉಂಡವನಿಗೆ ಸುಸ್ತು, ಉಪವಾಸ ಇದ್ದವನಿಗೆ ಶಕ್ತಿ! ಎಷ್ಟು ಚೆನ್ನಾಗದೆ. ಇದನ್ನ ಮೊದಲೇ ಯಾಕ ಹೇಳ್ಲಿಲ್ಲ?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದ್ಕೊಂಡೆ."

"ಸಂಬಂಧ ಅದೆಯೋ ಇಲ್ವೋ ಅಂತ ಗಾಡಿ ಹೇಳ್ಲಿ. ನೀನು ಕಂಡದ್ದು ಹೇಳು."

ಆ ಮಾತು ಮುಗಿಯುವಷ್ಟರಲ್ಲಿ ಎಂಜಿನ್ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ನಿಂತಿತು. ಇಬ್ಬರೂ ಮಕ್ಕಳಂತೆ ಎದ್ದು ನಿಂತರು.

ಸ್ವಾಮಿಗಳು ಬಾನೆಟ್ ಎತ್ತಿಸಿ ಪ್ಲಗ್ಗಿನ ವೈರು ಕಿತ್ತು ಎಂಜಿನ್ ಮೈಗೆ ಹತ್ತಿರ ಹಿಡಿದರು. "ತಿರುಗಿಸು" ಎಂದರು. ಚಟ್ ಚಟ್ ಎಂದು ಕಿಡಿ ಹಾರಿತು. ಅವರ ಕಣ್ಣಿಗೆ ಕಾಣದಿದ್ದರೂ ಕಿವಿಗೆ ಕೇಳಿಸಿತು. "ಕಿಡಿ ಚೆನ್ನಾಗದೆ. ಪೆಟ್ರೋಲ್?"

ಪೆಟ್ರೋಲ್ ತೋರಿಸುವ ಮುಳ್ಳು ಸತ್ತು ಹತ್ತು ವರ್ಷವಾಗಿತ್ತು. ಟ್ಯಾಂಕಿಗೆ ಬಿದಿರು ಕಡ್ಡಿ ಅದ್ದಿ ನೋಡುವುದೇ ರೂಢಿ. ಗುರುಮಲ್ಲ ಆಗಲೇ ಅದ್ದಿ ನೋಡಿ ಮುಚ್ಚಳ ತಿರುಗಿಸುತ್ತಿದ್ದ. "ಅರ್ಧ ಟ್ಯಾಂಕ್ ಇದೆ ಬುದ್ಧಿ."

ಸ್ವಾಮಿಗಳು ವೈರನ್ನು ಮೊದಲಿದ್ದ ಹಾಗೇ ಸಿಕ್ಕಿಸಿದರು. "ಈಗ ಏನೂ ರಿಪೇರಿ ಮಾಡಬೇಡ. ಸುಮ್ಮನೆ ಸ್ಟಾರ್ಟ್ ಮಾಡು."

ಗುರುಮಲ್ಲ ಮಾಡಿದ. ಎರಡು ಸಲ ಮುಲುಗಿ, ಮೂರನೆಯ ಸಲಕ್ಕೆ ಎಂಜಿನ್ ಹೊತ್ತಿಕೊಂಡಿತು.

ಸ್ವಾಮಿಗಳಿಗೆ ಎಲ್ಲಿಲ್ಲದ ಖುಷಿ. ಗುರುಮಲ್ಲನಿಗೆ ಮಾತ್ರ ಅಳು ಬರುವ ಹಾಗಾಯಿತು.

"ಪ್ಲಗ್ ಉಜ್ಜಲಿಲ್ಲ. ಫಿಲ್ಟರ್ ಊದಲಿಲ್ಲ. ಒದ್ದೆ ಬಟ್ಟೆ ಇಲ್ಲ. ಹಾಗಾದ್ರೆ ನಾನು ಮೂರು ವಾರ ಮಾಡಿದ್ದು ಏನು ಬುದ್ಧಿ?"

"ಅದೇ ಈಗ ಬೇಕಾಗಿರೋದು. ಗಾಡಿ ನಿಂತಾಗ ನೀನು ಏನೋ ಒಂದು ಮಾಡ್ತೀಯೆ. ಅದರಿಂದ ಸರಿಹೋಯ್ತದೆ. ಮೊದಲ ಸಲ ನಿಂತಾಗ ಏನು ಮಾಡಿದೆ?"

"ಪ್ಲಗ್ ಬಿಚ್ಚಿದೆ."

"ಅದಕ್ಕೂ ಮುಂಚೆ?"

"ಬಾನೆಟ್ ಎತ್ತಿದೆ."

"ಅದಕ್ಕೂ ಮುಂಚೆ?"

"ಕೆಳಗಿಳಿದೆ. ಇನ್ನೇನೂ ಮಾಡಲಿಲ್ಲ ಬುದ್ಧಿ."

"ನಿನ್ನ ತಲೆ ಮಾಡಿದ್ದನ್ನ ಹೇಳ್ತಾ ಇದ್ದೀಯೆ. ಕೈ ಮಾಡಿದ್ದನ್ನ ಹೇಳು."

ಗುರುಮಲ್ಲ ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಗ್ರೀಸು ಬಿಟ್ಟರೆ ಅಲ್ಲಿ ಏನೂ ಬರೆದಿರಲಿಲ್ಲ. ಸೋಮವಾರ ಹಾಗೇ ಹೋಯಿತು. ಮಂಗಳವಾರ ಕಾರ್ಬೊರೇಟರ್ ಪೂರ್ತಿ ಬಿಚ್ಚಿ, ತೊಳೆದು, ಜೋಡಿಸಿದ. ಅದರಲ್ಲಿ ರೋಗ ಸಿಗಲಿಲ್ಲ.

"ನಿಮಗೆ ಗೊತ್ತಿದೆ. ನನ್ನ ಪರೀಕ್ಷೆ ಮಾಡ್ತಾ ಇದ್ದೀರಿ" ಎಂದ ಸಂಜೆ, ಸ್ವಲ್ಪ ಸಿಟ್ಟಿನಲ್ಲೇ.

ಸ್ವಾಮಿಗಳು ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿಸಿದರು.

ಬುಧವಾರ ಬೆಳಿಗ್ಗೆ ಗುಡ್ಡದ ಮೇಲೆ ಗುಡುಗಿತು. ಮೋಡ ಕಪ್ಪಗೆ ಇಳಿದಿತ್ತು. ನರ್ಸಮ್ಮ ಒಂದು ದಿನ ಮುಂಚೆಯೇ ಬಂದಳು, ಆಂಬುಲೆನ್ಸಿನಲ್ಲೇ. ಅದು ಮಠದ ಬಾಗಿಲಲ್ಲಿ ನಿಂತಿತು.

"ಮೇಲೆ ಮಳೆ ಶುರುವಾಗಿದೆಯಂತೆ. ನಾಳೆ ಅಂದ್ರೆ ಆಗಲ್ಲ. ಈಗಲೇ."

"ಆದರೆ ಗಾಡಿಗೆ ಏನಾಗಿದೆ ಅಂತ ನನಗಿನ್ನೂ ಗೊತ್ತಿಲ್ಲ" ಎಂದ ಗುರುಮಲ್ಲ. ಗೆದ್ದೆ ಗೆದ್ದೆ ಎಂದು ಬರುತ್ತಿದ್ದವನು ಆ ಮಾತನ್ನು ಆಡಿದ್ದು ಅದೇ ಮೊದಲು.

ಸ್ವಾಮಿಗಳು ಅವನ ಭುಜದ ಮೇಲೆ ಕೈ ಇಟ್ಟರು. "ಅಂಗಾರೆ ಹೋಗು. ನಿಂತರೆ ಒಂದೊಂದೇ ಮಾಡು. ಒಂದು ಮಾಡು, ಸ್ಟಾರ್ಟ್ ಮಾಡಿ ನೋಡು. ಆಗದಿದ್ರೆ ಎರಡನೇದು. ಎಷ್ಟೇ ಸಣ್ಣದಾದರೂ ಅದೂ ಒಂದು ಅಂತ ಎಣಿಸು."

ಗುರುಮಲ್ಲ ಕ್ಯಾನಿನಲ್ಲಿದ್ದ ಪೆಟ್ರೋಲನ್ನೆಲ್ಲ ಸುರಿದು ಟ್ಯಾಂಕ್ ತುಂಬಿಸಿದ. ಏನು ಕಮ್ಮಿಯಾದರೂ ಅದೊಂದು ಕಮ್ಮಿಯಾಗಬಾರದು. ನರ್ಸಮ್ಮ ಹತ್ತಿದಳು. ಹೊಳೆ ಇನ್ನೂ ಮೊಣಕಾಲುದ್ದವೇ ಇತ್ತು. ನಾಲ್ಕೂ ಚಕ್ರ ಮರಳು ಕಚ್ಚಿ ದಾಟಿದವು.

ದಾಟಿ ಕಾಡು ಹೊಕ್ಕು ಎರಡು ತಿರುವು ಕಳೆದಿರಲಿಲ್ಲ. ಜೀಪು ಕೆಮ್ಮಿತು. ನಿಂತಿತು. ಯಾವತ್ತಿಗಿಂತ ಬೇಗನೇ ನಿಂತಿತು.

"ಶುರುವಾಯ್ತಲ್ಲ" ಎಂದಳು ನರ್ಸಮ್ಮ.

ಗುರುಮಲ್ಲ ಇಳಿದ. "ಇಳಿದದ್ದು, ಒಂದು" ಎಂದು ಎಣಿಸಿದ. ಹತ್ತಿ ಕೀಲಿ ತಿರುಗಿಸಿದ. ಸ್ಟಾರ್ಟ್ ಆಗಲಿಲ್ಲ. ಬಾನೆಟ್ ಎತ್ತಿದ. "ಎರಡು." ಆಗಲಿಲ್ಲ. ಪ್ಲಗ್ ಬಿಚ್ಚಿ ಉಜ್ಜಿದ. "ಮೂರು." ಆಗಲಿಲ್ಲ. ಫಿಲ್ಟರ್ ಊದಿದ. ಕಾಯಿಲಿಗೆ ಒದ್ದೆ ಬಟ್ಟೆ ಸುತ್ತಿದ. ನಾಲ್ಕಾಯಿತು, ಐದಾಯಿತು. ಮೂರು ವಾರದ ಮೂರು ಗೆಲುವುಗಳೂ ಒಂದಾದ ಮೇಲೊಂದು ಸೋತು ಬಿದ್ದವು.

ಎಲೆಗಳ ಮೇಲೆ ಹನಿ ಬೀಳತೊಡಗಿತು. ಬ್ಯಾಟರಿಯ ದನಿ ಸಣ್ಣದಾಗುತ್ತಿತ್ತು.

"ಬೇರೆ ದಿನ ಮಾಡಿದ್ದನ್ನೇ ಮಾಡ್ತಾ ಇದ್ದೀರ ತಾನೇ ಗುರುಮಲ್ಲಣ್ಣ?"

"ಎಲ್ಲಾ ಮಾಡಿದೆ ನರ್ಸಮ್ಮ. ಎಲ್ಲಾನೂ."

ಹಾಗೆಂದು ಸೀಟಿನಲ್ಲಿ ಕುಸಿದು ಕೂತ. ಇನ್ನೇನು ಉಳಿದಿದೆ ಎಂದು ತಲೆಯನ್ನು ಕೇಳಿದ. ತಲೆ ಏನೂ ಇಲ್ಲ ಎಂದಿತು. ಕೈ ಮಾಡಿದ್ದನ್ನು ಹೇಳು ಎಂದಿದ್ದರು ಗುರುಗಳು. ಸರಿ, ಕೈಯನ್ನೇ ಕೇಳೋಣ ಎಂದು ಕಣ್ಣು ಮುಚ್ಚಿದ. ಏರಿನಲ್ಲಿ ಗಾಡಿ ನಿಂತಿದೆ, ಈಗಷ್ಟೇ ನಿಂತಿದೆ ಎಂದುಕೊಂಡು ಕೈಯನ್ನು ಅದರ ಪಾಡಿಗೆ ಬಿಟ್ಟ.

ಬಲಗೈ ಮೆಲ್ಲಗೆ ಸೀಟಿನ ಕೆಳಕ್ಕೆ ಹೋಯಿತು. ಹೋಗಿ ಬಿದಿರು ಕಡ್ಡಿಯನ್ನು ಹಿಡಿಯಿತು.

ಗುರುಮಲ್ಲ ಕಣ್ಣು ಬಿಟ್ಟ. ಹೌದು, ಗಾಡಿ ನಿಂತ ಕೂಡಲೇ ಪೆಟ್ರೋಲ್ ಇದೆಯೋ ಇಲ್ಲವೋ ಎಂದು ಅದ್ದಿ ನೋಡುತ್ತಿದ್ದ. ಪ್ರತಿ ಸಲ. ನೋಡುವುದೂ ಒಂದು ಕೆಲಸವೆಂದು ಅವನಿಗೆ ಹೊಳೆದೇ ಇರಲಿಲ್ಲ. ಇವತ್ತು ಟ್ಯಾಂಕ್ ತುಂಬಿದೆಯೆಂದು ಗೊತ್ತಿದ್ದರಿಂದ ನೋಡಿರಲಿಲ್ಲ.

"ತುಂಬಿರೋದನ್ನ ಮತ್ಯಾಕೆ ನೋಡ್ತೀರಿ?" ಎಂದಳು ನರ್ಸಮ್ಮ.

"ಎಷ್ಟೇ ಸಣ್ಣದಾದರೂ ಒಂದು ಅಂತ ಎಣಿಸು ಅಂದವರೆ. ಇದು ಆರು."

ಮುಚ್ಚಳ ತಿರುಗಿಸಿದ. ಸ್ಸ್ಸ್ ಎಂದು ಸದ್ದಾಯಿತು. ಮುಳುಗೆದ್ದವನು ಉಸಿರೆಳೆದುಕೊಳ್ಳುವಂತೆ ಟ್ಯಾಂಕು ಗಾಳಿಯನ್ನು ಒಳಕ್ಕೆ ಎಳೆದುಕೊಂಡಿತು. ಕಡ್ಡಿಯನ್ನು ಅದ್ದಲಿಲ್ಲ. ಮುಚ್ಚಳವನ್ನು ಮತ್ತೆ ಹಾಕಿ ಕೀಲಿ ತಿರುಗಿಸಿದ. ಎಂಜಿನ್ ಮೂರು ಸಲ ಮುಲುಗಿ ಹೊತ್ತಿಕೊಂಡಿತು.

"ಅಬ್ಬ! ಹೊರಡಿ ಹೊರಡಿ" ಎಂದಳು ನರ್ಸಮ್ಮ.

ಗುರುಮಲ್ಲ ಹೊರಟ. ಆದರೆ ಅವನ ಮುಖದಲ್ಲಿ ಗೆದ್ದವನ ಕಳೆ ಇರಲಿಲ್ಲ. "ಇದೂ ಕಾಗೆಯೇ ಇರಬಹುದು ನರ್ಸಮ್ಮ. ಇನ್ನೊಂದು ಸಲ ನಿಲ್ಲಬೇಕು."

"ಏನಂದ್ರಿ?"

"ಮುಂದೆ ಏರಲ್ಲಿ ಇದು ಮತ್ತೆ ನಿಲ್ಲಬೇಕು. ನಿಂತಾಗ ನಾನು ಮುಚ್ಚಳ ಒಂದನ್ನೇ ತೆಗೀತೀನಿ, ಬೇರೆ ಏನೂ ಮುಟ್ಟಲ್ಲ. ಆಗಲೂ ಸ್ಟಾರ್ಟ್ ಆದ್ರೆ ರೋಗ ಸಿಕ್ಕಿತು ಅಂತ."

"ನಿಮಗೆ ತಲೆ ಕೆಟ್ಟಿದೆಯಾ? ಓಡ್ತಾ ಇರೋ ಗಾಡೀನ ನಿಲ್ಲಲಿ ಅಂತೀರಲ್ಲ!"

"ಹೋಗ್ತಾ ನಿಂತರೆ ನಾವಿಬ್ಬರೇ. ಬರ್ತಾ ನಿಂತರೆ ಕೇತಮ್ಮ ಇರ್ತಾಳೆ, ಹೊಳೆ ನಡುವೆ."

ನರ್ಸಮ್ಮ ಅವನನ್ನು ಒಂದು ಸಲ ನೋಡಿ ಸೀಟಿಗೆ ಒರಗಿದಳು. ಔಷಧಿ ಕೊಡುವವಳಿಗೆ ಆ ಮಾತು ಅರ್ಥವಾಯಿತು.

ಜೀಪು ಏರಿನ ಮುಕ್ಕಾಲು ಭಾಗ ಹತ್ತಿ, ಅವನು ಕಾಯುತ್ತಿದ್ದ ಹಾಗೆಯೇ, ಕೆಮ್ಮಿ ನಿಂತಿತು. ಗುರುಮಲ್ಲ ಬಾನೆಟ್ಟಿನ ಕಡೆ ತಿರುಗಿಯೂ ನೋಡಲಿಲ್ಲ. ಮುಚ್ಚಳ ತಿರುಗಿಸಿದ. ಸ್ಸ್ಸ್. ಕೀಲಿ ತಿರುಗಿಸಿದ. ಹೊತ್ತಿಕೊಂಡಿತು.

ಆಗ ಆ ಮುಚ್ಚಳವನ್ನು ಕೈಯಲ್ಲಿ ಹಿಡಿದು, ಹುಟ್ಟಿದಾರಭ್ಯ ಮುಚ್ಚಳವನ್ನೇ ಕಾಣದವನಂತೆ ನೋಡಿದ. ಮೇಲೆಲ್ಲ ವಿಭೂತಿ. ಒಂದು ದಿನದ ಮೇಲೆ ಇನ್ನೊಂದು ದಿನದ್ದು ಕೂತು, ಒಣಗಿ, ಆರು ತಿಂಗಳಲ್ಲಿ ಗೋಡೆಯ ಗಾರೆಯ ಹಾಗೆ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದ. ಬರಲಿಲ್ಲ. ಸ್ಪ್ಯಾನರಿನ ತುದಿಯಿಂದ ಕೆರೆದ. ಬಿಳಿ ಹಕ್ಕಳೆ ಎದ್ದು ಬಂತು. ಅದರಡಿಯಲ್ಲಿ, ನಟ್ಟನಡುವೆ, ಸೂಜಿ ಹೋಗುವಷ್ಟು ಒಂದು ತೂತು.

ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಲಿಕ್ಕೆ ಇಟ್ಟ ತೂತು. ಟ್ಯಾಂಕಿನಲ್ಲಿ ಗಾಳಿ ಹೆಚ್ಚಿದ್ದ ದಿನ ಜೀಪು ಅದರಲ್ಲೇ ಹೇಗೋ ನಿಭಾಯಿಸಿಕೊಂಡು ಹೋಗುತ್ತಿತ್ತು. ಟ್ಯಾಂಕ್ ತುಂಬಿದ ದಿನ ಒಳಗೆ ಗಾಳಿಗೆ ಜಾಗವೇ ಇಲ್ಲ. ಪೆಟ್ರೋಲ್ ಎಳೆಯಲಾಗದೆ ಬೇಗ ನಿಲ್ಲುತ್ತಿತ್ತು.

"ನರ್ಸಮ್ಮ, ಸೂಜಿ ಇದೆಯಾ?"

"ನರ್ಸಿನ ಹತ್ರ ಸೂಜಿ ಇದೆಯಾ ಅಂತ ಕೇಳ್ತೀರಾ?"

ಇಂಜೆಕ್ಷನ್ ಸೂಜಿಯಿಂದ ತೂತನ್ನು ಬಿಡಿಸಿದ. ಬಾಯಿಟ್ಟು ಊದಿ ನೋಡಿದ. ಗಾಳಿ ಆಚೆಗೆ ಹೋಯಿತು. ಪೆಟ್ರೋಲ್ ರುಚಿ ನಾಲಿಗೆಗೆ ಹತ್ತಿತು. ಗುರುಮಲ್ಲನಿಗೆ ಇದ್ದಕ್ಕಿದ್ದಂತೆ ನಗು ಬಂತು, ಹಿಂದೆಯೇ ನಾಚಿಕೆಯೂ ಬಂತು. ಎರಡನ್ನೂ ನುಂಗಿ ಗಾಡಿ ಹೊರಡಿಸಿದ.

ಪೋಡಿನಲ್ಲಿ ಕೇತಮ್ಮ ಗುಡಿಸಿಲ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದಳು. ಅವಳ ಕಾಲು ಬಾಳೆದಿಂಡಿನ ಹಾಗೆ ಊದಿತ್ತು. ತಾಯಿ ಕಂಬಳಿ ಹಾಸಿ ಜೀಪಿನ ಹಿಂದೆ ಅವಳನ್ನು ಒರಗಿಸಿದಳು.

"ಅಣ್ಣಾ, ಗಾಡಿ ನಡುವೆ ನಿಂತ್ಕತದೆ ಅಂತಾರಲ್ಲ" ಎಂದಳು ಕೇತಮ್ಮ.

ಹೋದ ವಾರವಾಗಿದ್ದರೆ ಗುರುಮಲ್ಲ, ಶಿವನಿದ್ದಾನೆ ಕನವ್ವ, ನಿಲ್ಲಲ್ಲ ಎನ್ನುತ್ತಿದ್ದ. ಇವತ್ತು ಹಾಗೆನ್ನಲಿಲ್ಲ. "ಯಾಕೆ ನಿಲ್ತಿತ್ತು ಅಂತ ಗೊತ್ತಾಯ್ತು ಕನವ್ವ. ಸರಿ ಮಾಡಿದ್ದೀನಿ" ಎಂದ.

ಇಳಿಜಾರಿನಲ್ಲಿ ಮಳೆ ಸುರಿಯಿತು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಅರ್ಧ ಗಂಟೆಗೆ ಸರಿಯಾಗಿ ಹೊಳೆ ಎದುರಾಯಿತು. ಬೆಳಗಿನ ಹೊಳೆ ಅದಲ್ಲ. ಕೆಂಪು ನೀರು ತೊಡೆಯ ಮಟ್ಟಕ್ಕೆ ಏರಿತ್ತು, ಇನ್ನೂ ಏರುತ್ತಿತ್ತು.

ಗುರುಮಲ್ಲ ಗೇರ್ ಇಳಿಸಿ ನೀರಿಗೆ ಬಿಟ್ಟ. ನಡುಹೊಳೆಯಲ್ಲಿ ನೀರು ಕಾಲಡಿಯ ತಗಡಿನ ಮೇಲೆ ಹರಿಯಿತು. ಕೇತಮ್ಮನ ತಾಯಿ ದೇವರನ್ನು ಕೂಗಿದಳು. ಗುರುಮಲ್ಲ ಬಾಯಲ್ಲಿ ಯಾವ ಮಂತ್ರವನ್ನೂ ಹೇಳಲಿಲ್ಲ. ಕಿವಿ ಪೂರ್ತಿ ಎಂಜಿನ್ನಿನ ಮೇಲಿತ್ತು. ಅದು ಕೆಮ್ಮಲಿಲ್ಲ. ಒಂದೇ ದನಿಯಲ್ಲಿ ಗುಂಯ್ಗುಡುತ್ತ ಮಠದ ಕಡೆಯ ದಡದ ಮರಳನ್ನು ಹಿಡಿದು ಮೇಲೇರಿತು.

ಆಂಬುಲೆನ್ಸು ಕೇತಮ್ಮನನ್ನೂ ತಾಯಿಯನ್ನೂ ನರ್ಸಮ್ಮನನ್ನೂ ಹತ್ತಿಸಿಕೊಂಡು ಹೋಯಿತು. ಸಂಜೆಯೊಳಗೆ ಕಡವು ಮುಚ್ಚಿತು. ಮೂರನೆಯ ದಿನ ನರ್ಸಮ್ಮ ಫೋನು ಮಾಡಿದಳು. ಹೆಣ್ಣುಮಗು, ತೂಕ ಕಮ್ಮಿ, ಆದರೆ ಅಳು ಜೋರು. ತಾಯಿ ಗಂಜಿ ಕುಡಿದಳು.

ಸುದ್ದಿ ಕೇಳಿದ ಮೇಲೆಯೇ ಗುರುಮಲ್ಲನಿಗೆ ಗುರುಗಳ ಮುಂದೆ ಕೂರುವ ಧೈರ್ಯ ಬಂತು. ಮುಚ್ಚಳವನ್ನು ಅವರ ಕಾಲ ಬಳಿ ಇಟ್ಟ. ನಡೆದದ್ದನ್ನೆಲ್ಲ ಹೇಳಿದ. ಕಡ್ಡಿ, ಸ್ಸ್ಸ್ ಎಂಬ ಸದ್ದು, ಬಿಳಿ ಹಕ್ಕಳೆ, ಸೂಜಿ, ಏನನ್ನೂ ಬಿಡಲಿಲ್ಲ.

"ಅದರ ಉಸಿರು ಕಟ್ಟಿಸಿದ್ದು ನಾನೇ ಬುದ್ಧಿ. ಈ ಕೈಯಿಂದಲೇ, ದಿನಾ, ಕೈಮುಗಿದು ಕಟ್ಟಿಸಿದೆ. ಆಮೇಲೆ ಪ್ಲಗ್ಗಿನ ಮೇಲೆ ಹಾಕಿದೆ, ಕಸದ ಮೇಲೆ ಹಾಕಿದೆ, ಹಳೇ ಗಾಡಿ ಅಂದೆ."

ಸ್ವಾಮಿಗಳು ಕೇಳುತ್ತಿದ್ದರು.

"ಇನ್ನು ಮೇಲೆ ಜೀಪಿಗೆ ವಿಭೂತಿ ಹಚ್ಚಲ್ಲ ಬುದ್ಧಿ."

"ಯಾಕ? ಹಚ್ಚು. ತೂತು ಬಿಟ್ಟು ಹಚ್ಚು."

ಗುರುಮಲ್ಲ ತಲೆ ತಗ್ಗಿಸಿದ. ಒಂದು ಮಾತನ್ನು ಮೂರು ದಿನದಿಂದ ಕೇಳಬೇಕೆಂದಿದ್ದ. ಕೊನೆಗೆ ಕೇಳಿಯೇಬಿಟ್ಟ.

"ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ ಬುದ್ಧಿ? ನಾನೇ ಕಂಡ್ಕೊಳ್ಳಲಿ ಅಂತ ಸುಮ್ಮನಿದ್ರಿ."

"ಇಲ್ಲ ಕನಪ್ಪ."

"ಗೊತ್ತಿರಲಿಲ್ವಾ?"

"ಗೊತ್ತಿದ್ದಿದ್ರೆ ಹೇಳ್ದೆ ಇರ್ತಿದ್ನಾ? ಹೆಣ್ಣುಮಗಳ ಜೀವದ ಮಾತು. ಅದರಲ್ಲಿ ಪರೀಕ್ಷೆ ಮಾಡೋಕೆ ನಾನೇನು ಕಟುಕನಾ?"

ಎಲ್ಲ ತಿಳಿದವರ ಬೆನ್ನ ಹಿಂದೆ ನಡೆಯುತ್ತಿದ್ದೇನೆ ಎಂದು ಗುರುಮಲ್ಲ ಅಂದುಕೊಂಡಿದ್ದ. ಎದುರಿಗೆ ನೋಡಿದರೆ ಪೊರೆ ಬಂದ ಕಣ್ಣಿನ ಒಬ್ಬ ಮುದುಕರು ಮುಚ್ಚಳವನ್ನು ಎತ್ತಿಕೊಂಡು, ಹೆಬ್ಬೆರಳಿನಿಂದ ಸವರಿ ಸವರಿ ನೋಡುತ್ತಿದ್ದರು. ಅವರ ಮುಖ ಹೊಸ ಪಾಠಕ್ಕೆ ಕೂತ ಹುಡುಗನ ಮುಖದ ಹಾಗಿತ್ತು. ಅವನಿಗೆ ಆ ಕ್ಷಣ ಅವರ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಬಂತು.

ಸ್ವಾಮಿಗಳು ಮಣೆಯ ಮೇಲಿಂದ ಇಳಿದು, ನೆಲದ ಮೇಲೆ ಅವನ ಪಕ್ಕಕ್ಕೆ ಸರಿದು ಕೂತರು. ಮುಚ್ಚಳವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ತೋರುಬೆರಳನ್ನು ಅವನ ಮುಂದೆ ಚಾಚಿದರು.

"ಮೂವತ್ತು ವರ್ಷ ಓಡಿಸಿದೀನಿ, ಇದಕ್ಕೊಂದು ತೂತದೆ ಅಂತ ನಂಗೇ ಗೊತ್ತಿರಲಿಲ್ಲ. ನನ್ನ ಬೆರಳು ಹಿಡಿದು, ಎಲ್ಲದೆ ತೋರ್ಸಪ್ಪ."